ಆಂಪ್ ಗುಂಯ್ ಅನ್ನುತ್ತೆ, ಮೈಕಿಗೆ ತುಟಿ ತಾಗಿದರೆ ಜುಮ್ ಅನ್ನುತ್ತೆ: ಎಲ್ಲಿಂದ ಹುಡುಕಲಿ?

ಆರುತಂತಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ನಾಲ್ಕು ಜನ ಸೇರಿ ಸ್ವಂತ ಕನ್ನಡ ಹಾಡುಗಳ ಬ್ಯಾಂಡ್ ಕಟ್ಟಿದ್ದೀವಿ. ಗಿಟಾರ್ ನಂದು, ಕೋರಸ್ಸೂ ಹಾಡ್ತೀನಿ. ವಾರವೆಲ್ಲ ಆಫೀಸು, ವಾರದ ಕೊನೆಗೆ ಶೋ. ನಮ್ಮಂಥ ಬ್ಯಾಂಡಿಗೆ ಸೌಂಡ್‌ಚೆಕ್‌ಗೆ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಸದ್ದಿನ ಮೂಲ ಹುಡುಕೋಕೆ ಆಗ್ತಿಲ್ಲ.

ಗಿಟಾರ್ ಸ್ಕ್ವೈಯರ್ ಸ್ಟ್ರಾಟೊಕ್ಯಾಸ್ಟರ್, ಮೂರೂ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ದನಿ ಹಿಡಿಯೋ, ಒಂದೇ ಸುರುಳಿಯ ಭಾಗ). ಅಲ್ಲಿಂದ ಸಾಲಾಗಿ ಪೆಡಲ್‌ಗಳು: ಬಾಸ್ (Boss) ಕಂಪನಿಯ ಟಿಯು-3 ಟ್ಯೂನರ್, ಐಬನೆಜ್‌ನ ಟ್ಯೂಬ್ ಸ್ಕ್ರೀಮರ್ ಅನ್ನೋ ಓವರ್‌ಡ್ರೈವ್, ಒಂದು ಡಿಸ್ಟಾರ್ಷನ್, ಡಿಜಿಟಲ್ ಡಿಲೇ, ಕೊನೆಗೆ ಸ್ಟೀರಿಯೊ ರಿವರ್ಬ್. ಎಲ್ಲಕ್ಕೂ ಒಂದೇ 9 ವೋಲ್ಟ್ ಅಡಾಪ್ಟರ್, ಅದರಿಂದ ಕವಲೊಡೆದ ವೈರ್. ರಿವರ್ಬ್‌ನ ಎಡ ಔಟ್‌ಪುಟ್ ಪಬ್ಬಿನ ಆಂಪ್‌ಗೆ, ಬಲ ಔಟ್‌ಪುಟ್ ಡಿಐ ಬಾಕ್ಸ್ (ಗಿಟಾರಿನ ದನಿಯನ್ನು ಮಿಕ್ಸರ್‌ಗೆ ಹೊಂದಿಸೋ ಡಬ್ಬಿ) ಮೂಲಕ ಸೌಂಡ್ ಮಿಕ್ಸರ್‌ಗೆ.

ಓವರ್‌ಡ್ರೈವ್ ಒತ್ತಿದ ಕೂಡಲೇ ಸೊಳ್ಳೆ ಹಾಗೆ ಸಣ್ಣಗೆ ಕೀಂ ಅನ್ನೋ ಸದ್ದು. ಇದು ಬಿಟ್ಟು ದಪ್ಪನೆಯ ಗುಂಯ್ ಬೇರೆ ಇದೆ, ನಾನು ತಿರುಗಿ ನಿಂತರೆ ಸ್ವಲ್ಪ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಇವೆರಡಕ್ಕಿಂತ ಭಯ ಆಗಿದ್ದು, ಹಾಡುವಾಗ ತುಟಿ ಮೈಕಿಗೆ ತಾಗಿದರೆ ಜುಮ್ ಅಂತ ಕರೆಂಟ್ ಹೊಡೆದ ಅನುಭವ. ವಿಚಿತ್ರ ಅಂದ್ರೆ ಮಿಕ್ಸರ್‌ಗೆ ಹೋಗೋ ಕೇಬಲ್ ಹಾಕಿದಾಗ ಜುಮ್ ನಿಲ್ಲುತ್ತೆ, ಗುಂಯ್ ಜಾಸ್ತಿ ಆಗುತ್ತೆ. ಕೇಬಲ್ ತೆಗೆದರೆ ಉಲ್ಟಾ.

ಆಂಪ್ ಪ್ಲಗ್ಗಿನ ದಪ್ಪ ಪಿನ್ (ಅರ್ಥ್ ಪಿನ್) ತೆಗೆದುಬಿಡು ಅಂತ ಒಬ್ಬರು, ನಾಯ್ಸ್ ಗೇಟ್ ತಗೋ ಅಂತ ಇನ್ನೊಬ್ಬರು. ಶನಿವಾರ ಅದೇ ಜಾಗದಲ್ಲಿ ಮತ್ತೆ ಶೋ ಇದೆ.

ಮಿಕ್ಸರ್‌ಮೇಷ್ಟ್ರು:
ತಮ್ಮಾ, ಮೊದಲು ಒಂದು ಮಾತು. ಆ ದಪ್ಪ ಪಿನ್ನಿಗೆ ಕೈ ಹಚ್ಚಬೇಡಿ. ಉಳಿದ ಸದ್ದುಗಳನ್ನು ಆಮೇಲೆ ನೋಡೋಣ, ಜುಮ್ ಅನ್ನುವುದು ಮಾತ್ರ ಜೀವದ ಪ್ರಶ್ನೆ.

ಗಿಟಾರಿನ ತಂತಿ, ಬ್ರಿಜ್, ಕೇಬಲ್ಲಿನ ಹೊರಜಾಲರಿ, ಆಂಪ್‌ನ ಲೋಹದ ಮೈ ಎಲ್ಲ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಆಂಪ್‌ಗೆ ಅರ್ಥಿಂಗ್ ಇಲ್ಲದಿದ್ದರೆ, ಒಳಗಿನ ಟ್ರಾನ್ಸ್‌ಫಾರ್ಮರಿನಿಂದ ಸೋರುವ ಸಣ್ಣ ಕರೆಂಟ್ ಆ ಲೋಹದ ಮೈಯಲ್ಲೇ ನಿಂತು ನಿಮ್ಮ ತಂತಿಯವರೆಗೂ ಬರುತ್ತದೆ. ಮೈಕ್ ಮಿಕ್ಸರ್ ಮೂಲಕ ಸರಿಯಾಗಿ ಭೂಮಿಗೆ ಸೇರಿದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ನಡುವಿನ ದಾರಿ ನಿಮ್ಮ ದೇಹ.

ನೀವು ವಿಚಿತ್ರ ಅಂದದ್ದೇ ಇಲ್ಲಿ ಸುಳಿವು. ಮಿಕ್ಸರ್‌ಗೆ ಕೇಬಲ್ ಹಾಕಿದಾಗ ಜುಮ್ ನಿಲ್ಲುತ್ತದೆ ಅಂದರೆ, ಗೋಡೆಯ ಅರ್ಥ್ ವೈರ್ ಮಾಡಬೇಕಾದ ಕೆಲಸವನ್ನು ನಿಮ್ಮ ಆಡಿಯೊ ಕೇಬಲ್ಲಿನ ತೆಳು ಜಾಲರಿ ಮಾಡುತ್ತಿದೆ. ಆಂಪ್‌ನ ಸೋರಿಕೆ ಅದರ ಮೂಲಕ ಹರಿಯುತ್ತದೆ, ಅದಕ್ಕೇ ಗುಂಯ್ ಹೆಚ್ಚುತ್ತದೆ. ಈಗ ಸೋರುತ್ತಿರುವುದು ಸಣ್ಣ ಕರೆಂಟ್. ನಾಳೆ ಆಂಪ್‌ನೊಳಗೆ ಫೇಸ್ ವೈರ್ ಬಿಚ್ಚಿ ಮೈಗೆ ತಾಗಿದರೆ ಪೂರ್ತಿ 230 ವೋಲ್ಟ್ ಅದೇ ದಾರಿಯಲ್ಲಿ ಬರುತ್ತದೆ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ, ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು.

ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಪ್ರೋಬಿನ ಪ್ಲಾಸ್ಟಿಕ್ ಭಾಗವನ್ನಷ್ಟೇ ಹಿಡಿದುಕೊಳ್ಳಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಹಾಡಬೇಡಿ. ಪಬ್ಬಿನವರ ಎಲೆಕ್ಟ್ರಿಷಿಯನ್ ಕೈಲಿ ಆಂಪ್ ಹಾಕಿರುವ ಸಾಕೆಟ್ಟು, ಎಕ್ಸ್‌ಟೆನ್ಷನ್ ಬೋರ್ಡು ಎರಡನ್ನೂ ನೋಡಿಸಿ. ಫೇಸ್‌ನಿಂದ ಅರ್ಥ್‌ಗೂ ಫೇಸ್‌ನಿಂದ ನ್ಯೂಟ್ರಲ್‌ಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಇರಬೇಕು. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತಲೂ ಕೇಳಿ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ ಶೋ ಮುಗಿಸುವವರನ್ನು ನೋಡಿದ್ದೇನೆ. ಅದರಿಂದ ತುಟಿಗೆ ಗೊತ್ತಾಗುವುದಿಲ್ಲ ಅಷ್ಟೆ, ಅಪಾಯ ಇದ್ದಲ್ಲೇ ಇರುತ್ತದೆ.

ಬೆಸುಗೆ:
ಮೇಷ್ಟ್ರು ಹೇಳಿದ್ದು ಮುಗಿಸಿಕೊಂಡು ಆಮೇಲೆ ಸದ್ದಿಗೆ ಬನ್ನಿ. ಈ ಕ್ರಮ ತಪ್ಪಿಸಬೇಡಿ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ (ಆಡಿಯೊ ಕೇಬಲ್ಲಿನ ಜಾಲರಿ ಬಿಡಿಸೋದು) ಈಗಲೇ ಒತ್ತಿದರೆ ಗುಂಯ್ ನಿಲ್ಲಬಹುದು, ಆದರೆ ಜುಮ್ ವಾಪಸ್ ಬರುತ್ತೆ. ಮೊದಲು ಅರ್ಥಿಂಗ್ ಸರಿ ಮಾಡಿಸಿ, ಆಮೇಲೆ ಲಿಫ್ಟ್.

ಕೀಂ ಅನ್ನೋದು ಅಡಾಪ್ಟರ್ ಹಂಚಿಕೊಂಡಿದ್ದರಿಂದ ಅಂತ ನನ್ನ ಬಲವಾದ ಅನುಮಾನ. ಡಿಲೇ, ರಿವರ್ಬ್ ಒಳಗಿನ ಡಿಜಿಟಲ್ ಚಿಪ್ಪುಗಳ ಕ್ಲಾಕ್ ಸದ್ದು ಆ ಕವಲು ವೈರಿನ ನೆಗೆಟಿವ್ ಹಿಡಿದು ಓವರ್‌ಡ್ರೈವ್‌ಗೆ ನುಗ್ಗುತ್ತೆ, ಅದು ಹಿಗ್ಗಿಸಿ ಆಂಪ್‌ಗೆ ಕಳಿಸುತ್ತೆ. ಟ್ಯೂಬ್ ಸ್ಕ್ರೀಮರ್‌ಗೆ ಒಂದು 9 ವೋಲ್ಟ್ ಬ್ಯಾಟರಿ ಹಾಕಿ, ಅದರ ಅಡಾಪ್ಟರ್ ವೈರ್ ಕಿತ್ತು ನುಡಿಸಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕ. ಆಗ ಐಸೊಲೇಟೆಡ್ ಪವರ್ ಸಪ್ಲೈ, ಅಂದ್ರೆ ಒಳಗೆ ಪ್ರತಿ ಔಟ್‌ಪುಟ್ಟೂ ಬೇರೆಬೇರೆ ಇರೋದು, ತಗೊಳ್ಳಿ.

ಆದರೆ ಡಬ್ಬಿ ಮೇಲೆ ಐಸೊಲೇಟೆಡ್ ಅಂತ ಬರೆದಿದ್ದೆಲ್ಲ ಐಸೊಲೇಟೆಡ್ ಅಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಕರೆಂಟಿಗೆ ಹಾಕದೆ, ಪೆಡಲ್ ಜೋಡಿಸದೆ, ಮೀಟರನ್ನು ಕಂಟಿನ್ಯೂಟಿಗೆ (ಎರಡು ತುದಿ ಒಳಗೆ ಸೇರಿದ್ದರೆ ಬೀಪ್ ಅನ್ನೋ ಜಾಗ) ಇಟ್ಟು, ಎರಡು ಔಟ್‌ಪುಟ್‌ಗಳ ನಡುಪಿನ್ನುಗಳಿಗೆ ಪ್ರೋಬ್ ಮುಟ್ಟಿಸಿ. ನಿಮ್ಮ ಬಾಸ್, ಐಬನೆಜ್ ಪೆಡಲ್‌ಗಳಿಗೆ ನಡುಪಿನ್ನೇ ನೆಗೆಟಿವ್. ಬೀಪ್ ಅಂದರೆ ಒಳಗೆ ಎಲ್ಲಾ ನೆಗೆಟಿವ್ ಒಂದೇ ಕಡೆ ಸೇರಿದೆ, ವಾಪಸ್ ಕೊಟ್ಟುಬಿಡಿ. ವೋಲ್ಟೇಜ್ ಮತ್ತು ಪಿನ್ನಿನ ದಿಕ್ಕು ಪೆಡಲ್ಲಿಗೆ ಸರಿಹೊಂದಬೇಕು. ಮಿಲಿಆಂಪ್ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆ ಇಲ್ಲ, ಕಮ್ಮಿ ಇರಬಾರದು. ಡಿಜಿಟಲ್ ರಿವರ್ಬ್ ಕೆಲವು 300 ಮಿಲಿಆಂಪ್‌ವರೆಗೂ ಎಳೀತವೆ, 100 ಕೊಡೋ ಸಾಕೆಟ್ಟಿಗೆ ಅವನ್ನ ಹಾಕಬೇಡಿ.

ತಿರುಗಿ ನಿಂತರೆ ಕಮ್ಮಿ ಆಗೋ ಗುಂಯ್ ಪಿಕಪ್‌ದು. ಸಿಂಗಲ್ ಕಾಯಿಲ್ ಸುತ್ತಲಿನ ಟ್ರಾನ್ಸ್‌ಫಾರ್ಮರ್, ಲೈಟ್ ಡಿಮ್ಮರ್‌ಗಳ 50 ಹರ್ಟ್ಜ್ ಕಾಂತಕ್ಷೇತ್ರವನ್ನೂ ಹಿಡಿಯುತ್ತೆ. ಇದೇ ಕಾಟ ತಪ್ಪಿಸೋಕೆ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಕಾಯಿಲ್‌ಗಳ ಹಂಬಕರ್ ಮಾಡಿದ್ದು. ನಿಮ್ಮ ಗಿಟಾರಿನ ಪಿಕಪ್ ಆರಿಸೋ ಸ್ವಿಚ್ಚನ್ನ 2 ಅಥವಾ 4ನೇ ಜಾಗಕ್ಕೆ ಹಾಕಿ ಕೇಳಿ. ಈಗಿನ ಎಷ್ಟೋ ಸ್ಟ್ರಾಟ್‌ಗಳಲ್ಲಿ ನಡುವಿನ ಪಿಕಪ್ಪನ್ನ ಉಲ್ಟಾ ಸುತ್ತಿ, ಆಯಸ್ಕಾಂತವನ್ನೂ ಉಲ್ಟಾ ಇಟ್ಟಿರ್ತಾರೆ. ಎರಡು ಪಿಕಪ್ ಸೇರಿದಾಗ ತಂತಿಯ ದನಿ ಕೂಡುತ್ತೆ, ಗುಂಯ್ ಕಳೆದುಹೋಗುತ್ತೆ. ಗಿಟಾರಿನೊಳಗೆ ತಾಮ್ರದ ಹಾಳೆ ಅಂಟಿಸಿದರೆ ಜರ್ ಅನ್ನೋ ಸದ್ದು ತಗ್ಗುತ್ತೆ, ಈ ಗುಂಯ್ ಹೋಗಲ್ಲ.

ನಾಯ್ಸ್ ಗೇಟ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ನುಡಿಸದೆ ಇದ್ದಾಗ ಬಾಗಿಲು ಮುಚ್ಚೋದಷ್ಟೇ ಅದರ ಕೆಲಸ, ನುಡಿಸುವಾಗ ಸದ್ದು ಹಾಗೇ ಇರುತ್ತೆ. ಡಿಲೇ, ರಿವರ್ಬ್ ಆದ ಮೇಲೆ ಇಟ್ಟರೆ ದನಿಯ ಬಾಲವನ್ನೂ ಕತ್ತರಿಸಿಹಾಕುತ್ತೆ.

ಕಡಲತಡಿ:
ನಾನು ಮಂಗಳೂರಿನವ. ಇಲ್ಲಿ ಮಳೆಗಾಲದಲ್ಲಿ ಇನ್ನೊಂದು ಸದ್ದು ಸೇರಿಕೊಳ್ತದೆ, ಚರ್‌ಚರ್ ಅಂತ, ಕೇಬಲ್ ಅಲುಗಿದಾಗ ಮಾತ್ರ. ಅದು ಜಾಕಿನ ಒಳಗಿನ ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ ನಾಲ್ಕು ಸಲ ಒಳಗೆ ಹೊರಗೆ ಮಾಡಿದರೆ ಹೋಗ್ತದೆ. ಗಿಟಾರ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಂತಿಗೂ ಒಳ್ಳೆಯದು. ಪೆಡಲ್‌ಗಳ ನಡುವಿನ ಪ್ಯಾಚ್ ಕೇಬಲ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಿ ಅಣ್ಣ, ಅಚ್ಚು ಹಾಕಿ ಮುಚ್ಚಿದ ಅಗ್ಗದವು ಒಳಗೇ ಬಿಟ್ಟುಕೊಂಡಿರ್ತವೆ.

ಆರುತಂತಿ:
ಮೇಷ್ಟ್ರೇ, ಇವತ್ತು ಮಧ್ಯಾಹ್ನ ಪಬ್ಬಿಗೆ ಹೋಗಿ ನೋಡಿಸಿದೆ. ತಂತಿಗೂ ಮೈಕಿಗೂ ನಡುವೆ ಮೀಟರ್ 80 ವೋಲ್ಟ್ ಹತ್ತಿರ ತೋರಿಸಿತು. ಎಲೆಕ್ಟ್ರಿಷಿಯನ್ ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿದರು, ಹಸಿರು ವೈರ್ ಸ್ಕ್ರೂವಿನಿಂದ ಕಳಚಿ ಒಳಗೆ ಸುಮ್ಮನೆ ಮಡಚಿಕೊಂಡು ಬಿದ್ದಿತ್ತು. ಅದನ್ನು ಬಿಗಿ ಮಾಡಿ ಮತ್ತೆ ಅಳೆದಾಗ ಒಂದು ವೋಲ್ಟೂ ಇಲ್ಲ. ಮಿಕ್ಸರ್ ಕೇಬಲ್ ತೆಗೆದು ಹಾಡಿ ನೋಡಿದೆ, ಜುಮ್ ಇಲ್ಲ.

ಕೇಬಲ್ ಮತ್ತೆ ಹಾಕಿದಾಗ ಗುಂಯ್ ಇನ್ನೂ ಇತ್ತು. ಬೆಸುಗೆಯವರೇ, ಆಮೇಲೇ ಲಿಫ್ಟ್ ಒತ್ತಿದೆ, ನಿಂತಿತು. ಬ್ಯಾಟರಿ ಹಾಕಿದಾಗ ಕೀಂ ಪೂರ್ತಿ ಹೋಯಿತು. ಪವರ್ ಸಪ್ಲೈ ತಗೊಳ್ಳೋಕೆ ಎಸ್‌ಪಿ ರೋಡಿನ ಅಂಗಡಿಗಳಿಗೆ ಮೀಟರ್ ಹಿಡಿದೇ ಹೋಗ್ತೀನಿ. ಕಡಲತಡಿಯವರೇ, ಪ್ಯಾಚ್ ಕೇಬಲ್ ಎಲ್ಲ ಸರಿಯಾಗಿವೆ.

ಒಂದೇ ಪ್ರಶ್ನೆ ಉಳಿದಿದೆ. ಆಂಪ್‌ಗೆ ಅರ್ಥ್ ಪಿನ್ ಇದೆ, ಮಿಕ್ಸರ್‌ಗೂ ಇದೆ, ಎರಡೂ ಸರಿ ಇದ್ದ ಮೇಲೂ ಗುಂಯ್ ಯಾಕೆ ಬಂತು? ಮತ್ತೆ ಲಿಫ್ಟ್ ಒತ್ತೋದಕ್ಕೂ ಪಿನ್ ಕೀಳೋದಕ್ಕೂ ಏನು ವ್ಯತ್ಯಾಸ?

ಮಿಕ್ಸರ್‌ಮೇಷ್ಟ್ರು:
ಈಗ ಭೂಮಿಗೆ ಎರಡು ದಾರಿ ಆಯಿತು: ಒಂದು ಆಂಪ್‌ನ ಪ್ಲಗ್ ಮೂಲಕ, ಇನ್ನೊಂದು ಆಡಿಯೊ ಕೇಬಲ್ ಹಿಡಿದು ಮಿಕ್ಸರ್ ಮೂಲಕ. ಎರಡು ಸಾಕೆಟ್‌ಗಳ ಅರ್ಥ್ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದರೂ ಆ ಬಳೆಯಲ್ಲಿ ಕರೆಂಟ್ ಸುತ್ತುತ್ತದೆ, ಗುಂಯ್ ಕೇಳಿಸುತ್ತದೆ. ಗ್ರೌಂಡ್ ಲೂಪ್ ಅಂತ ನಾವು ಕರೆಯುವುದು ಇದನ್ನೇ. ಲಿಫ್ಟ್ ಗುಂಡಿ ಆಡಿಯೊ ಕೇಬಲ್ಲಿನ ಜಾಲರಿಯನ್ನಷ್ಟೇ ಬಿಡಿಸುತ್ತದೆ, ದನಿ ಡಿಐ ಒಳಗಿನ ಟ್ರಾನ್ಸ್‌ಫಾರ್ಮರ್ ದಾಟಿ ಹೋಗುತ್ತದೆ, ನಿಮ್ಮನ್ನು ಕಾಯುವ ಅರ್ಥ್ ವೈರ್ ತನ್ನ ಜಾಗದಲ್ಲೇ ಇರುತ್ತದೆ. ಪಿನ್ ಕಿತ್ತರೂ ಗುಂಯ್ ನಿಲ್ಲುತ್ತದೆ, ಆದರೆ ಅಲ್ಲಿ ಕಿತ್ತಿದ್ದು ಆ ಕಾವಲು ವೈರನ್ನೇ.

ನಿಮ್ಮದೇ ಒಂದು ಪ್ಯಾಸಿವ್ (ಕರೆಂಟ್ ಬೇಡದ) ಡಿಐ ಬಾಕ್ಸ್ ಇಟ್ಟುಕೊಳ್ಳಿ, ಎಲ್ಲ ಪಬ್ಬಿನಲ್ಲೂ ಒಳ್ಳೆಯದು ಇರುವುದಿಲ್ಲ. ಮಿಕ್ಸರ್ ಇರುವ ಫೇಸಿನಿಂದಲೇ ಆಂಪ್‌ಗೂ ಲೈನ್ ಕೇಳಿ, ಲೈಟಿನ ಡಿಮ್ಮರ್‌ಗಳು ಬೇರೆ ಫೇಸಿನಲ್ಲಿರಲಿ. ಬಯಲಲ್ಲಿ ಜನರೇಟರ್ ಮೇಲೆ ಶೋ ಇದ್ದರೆ ನುಡಿಸುವ ಮೊದಲು ತಂತಿ–ಮೈಕ್ ಅಳತೆ ತಪ್ಪದೆ ಮಾಡಿ. ಶನಿವಾರವೂ ಮಾಡಿ, ಬೋರ್ಡ್ ಬದಲಾಗಿರಬಹುದು.