ಮಿನಿ ಟ್ರ್ಯಾಕ್ಟರ್ ಜಾರಿದರೆ ಏನು ಮಾಡೋದು? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪುಣೆ ಸುತ್ತಮುತ್ತ ಹೊಲ, ತೋಟ ಮಾಡಿರುವ ನಮ್ಮ ಕನ್ನಡದವರಲ್ಲಿ ಮಿನಿ ಟ್ರ್ಯಾಕ್ಟರ್ ಕೊಂಡವರು ಜಾಸ್ತಿ ಆಗಿದ್ದಾರೆ. ಚಾಕಣ್ ಹತ್ತಿರ ವರ್ಕ್‌ಶಾಪ್ ನಡೆಸುವ ನಮ್ಮ ಧಾರವಾಡದ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಚಕ್ರ ಜಾರುವುದು, ಹಿಡಿತ ಸಿಗದಿರುವುದು, ಇಷ್ಟೇ ವಿಷಯ. ಕೇಳುವವರ ಹೆಸರಿನ ಬದಲು ಅವರ ಊರು, ಏರಿಯಾ ಹೆಸರಿದೆ. ದಯವಿಟ್ಟು ಫಾರ್ವರ್ಡ್ ಬೇಡ.

ದೌಂಡ್: ಅಣ್ಣಾ, ನಮ್ಮದು ಕಬ್ಬಿನ ಹೊಲ, ಕರಿ ಮಣ್ಣು. ನೀರು ಹಾಯಿಸಿದ ಮೇಲೆ ಒಳಗೆ ಹೋದರೆ ಒಂದು ಚಕ್ರ ಸುಮ್ನೆ ಸುತ್ತುತ್ತದೆ, ಇನ್ನೊಂದು ನಿಂತಿರುತ್ತದೆ.

ಮೆಕ್ಯಾನಿಕ್: ಡಿಫ್ ಲಾಕ್ ಒತ್ತಿ, ಅಂದರೆ ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಪೆಡಲ್. ಜಾರುವ ಜಾಗ ಬರುವ ಮೊದಲೇ ಒತ್ತಬೇಕು. ಸುತ್ತಲು ಶುರುವಾಗಿದ್ದರೆ ಪೂರ್ತಿ ನಿಲ್ಲಿಸಿ ಆಮೇಲೆ ಒತ್ತಿ. ಜೋರಾಗಿ ಸುತ್ತುವಾಗ ಒತ್ತಿದರೆ ಒಳಗಿನ ಹಲ್ಲು ಮುರಿಯುತ್ತದೆ. ಲಾಕ್ ಇರುವಾಗ ಗಾಡಿ ತಿರುಗಿಸಬೇಡಿ. ಆದರೆ ಹಸಿ ಕರಿ ಮಣ್ಣು ಟಯರ್ ಹಲ್ಲಿನ ಸಂದಿಯಲ್ಲಿ ತುಂಬಿಕೊಂಡ ಮೇಲೆ ಯಾವ ಲಾಕೂ ಉಪಯೋಗಕ್ಕೆ ಬರಲ್ಲ. ನೆಲ ಆರಲಿ, ಆಮೇಲೆ ಹೋಗಿ.

ವಾಕಡ್: ಸರ್, ನನ್ನದು ಸ್ವಲ್ಪ ಬೇರೆ. ಹಿಮಾಚಲದಲ್ಲಿ ನಾರ್ಕಂಡ ಹತ್ತಿರ ಒಂದು ಸೇಬಿನ ತೋಟ ಲೀಸ್‌ಗೆ ತೆಗೆದುಕೊಂಡಿದ್ದೇವೆ. ತಮ್ಮ ಅಲ್ಲೇ ಇದ್ದಾನೆ. 24 ಎಚ್‌ಪಿ, ಫೋರ್ ವೀಲ್ ಡ್ರೈವ್, ಮುಂದೆ ಹಿಮ ತಳ್ಳುವ ಬ್ಲೇಡ್. ಗಾಡಿ ಇಲ್ಲಿಂದ ಲಾರಿಯಲ್ಲಿ ಕಳಿಸುವಾಗ ತೂಕಕ್ಕೆ ಹಿಂದಿನ ಟಯರ್‌ಗೆ ನೀರು ತುಂಬಿಸಿದ್ದೆವು. ನಿನ್ನೆ ಇಳಿಜಾರಲ್ಲಿ ಬರುವಾಗ ಅಡ್ಡಡ್ಡ ಜಾರಿ ದಾರಿಯ ಅಂಚಿಗೆ ಹೋಗಿ ನಿಂತಿದೆ. ಡ್ರೈವರ್ ಹೊಸಬ. ಶೆಡ್ ತಗ್ಗು ಅಂತ ರೋಲ್ ಬಾರ್ (ಗಾಡಿ ಮಗುಚಿದರೆ ಡ್ರೈವರ್‌ನನ್ನು ಕಾಯುವ ಕಬ್ಬಿಣದ ಚೌಕಟ್ಟು) ಮಡಚಿಟ್ಟಿದ್ದಾರೆ. ಯಾವ ಟಯರ್ ಹಾಕಿಸಲಿ?

ಮೆಕ್ಯಾನಿಕ್: ಟಯರ್ ಮಾತು ಆಮೇಲೆ. ಮೊದಲು ತಮ್ಮನಿಗೆ ಫೋನ್ ಮಾಡಿ ಗಾಡಿ ನಿಲ್ಲಿಸಲು ಹೇಳಿ.

ರೋಲ್ ಬಾರ್ ಎತ್ತಿ ಪಿನ್ ಹಾಕಿಸಿ. ಬಾರ್ ಎತ್ತಿದ್ದಾಗ ಸೀಟ್ ಬೆಲ್ಟ್ ಕಡ್ಡಾಯ. ಮಡಚಿದ್ದಾಗ ಬೆಲ್ಟ್ ಕಟ್ಟಿದರೆ ಗಾಡಿ ಮಗುಚಿದಾಗ ಮನುಷ್ಯ ಅದರ ಕೆಳಗೇ ಸಿಕ್ಕಿಕೊಳ್ಳುತ್ತಾನೆ. ಶೆಡ್ ತಗ್ಗಾದರೆ ಗಾಡಿ ಹೊರಗೆ ನಿಲ್ಲಲಿ.

ನೀರು ನಮ್ಮ ಪುಣೆಗೆ ಸರಿ, ಅಲ್ಲಿಗೆ ಅಲ್ಲ. ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹಿಗ್ಗುತ್ತದೆ. ಟ್ಯೂಬ್, ವಾಲ್ವ್ ಹಾಳಾಗುತ್ತವೆ. ಅಲ್ಲಿಯವರು ಕ್ಯಾಲ್ಸಿಯಂ ಕ್ಲೋರೈಡ್ ಕಲಸಿ ತುಂಬಿ ಅನ್ನಬಹುದು. ಅದು ಹೆಪ್ಪುಗಟ್ಟಲ್ಲ, ತೂಕವೂ ಜಾಸ್ತಿ, ನಿಜ. ಆದರೆ ರಿಮ್ ತಿನ್ನುತ್ತದೆ, ಸೋರಿದರೆ ಸೇಬಿನ ಬೇರಿಗೂ ಕೆಟ್ಟದ್ದು. ನಾನಾದರೆ ನೀರು ತೆಗೆಸಿ, ಬೀಡು ಕಬ್ಬಿಣದ ವೀಲ್ ವೇಟ್ ಹಾಕಿಸುತ್ತೇನೆ. ಹಿಂದೆ ನೇಗಿಲು ಸಿಕ್ಕಿಸುವ ತ್ರೀ ಪಾಯಿಂಟ್‌ಗೆ ಕಲ್ಲು ತುಂಬಿದ ಪೆಟ್ಟಿಗೆ ಕಟ್ಟುತ್ತೇನೆ, ನೆಲಕ್ಕೆ ಹತ್ತಿರದಲ್ಲೇ. ಮುಂದೆ ಬ್ಲೇಡ್ ತೂಗುವಾಗ ಹಿಂದಿನ ಚಕ್ರ ಹಗುರ ಆಗುತ್ತದೆ, ಹಿಡಿತ ಹೋಗುವುದೇ ಅಲ್ಲಿ.

ಮಂಜುಗಡ್ಡೆಗೆ ಚೈನ್ ಬೇಕೇ ಬೇಕು. ಹೊಲದ ಟಯರ್ ಹಲ್ಲು ಮಣ್ಣಿನಲ್ಲಿ ಇಳಿಯಲು ಮಾಡಿದ್ದು. ಗಟ್ಟಿ ಮಂಜುಗಡ್ಡೆ ಮೇಲೆ ಆ ಹಲ್ಲಿನ ತುದಿ ಮಾತ್ರ ತಾಗುತ್ತದೆ. ಏಣಿಯಂಥ ಚೈನ್ ತರಬೇಡಿ, ಅಡ್ಡ ಕೊಂಡಿ ಹಲ್ಲಿನ ಸಂದಿಗೆ ಬಿದ್ದು ಕೂತುಬಿಡುತ್ತದೆ. ಬಲೆಯ ಹಾಗೆ ಹೆಣೆದದ್ದು ಬೇಕು. ನಾಲ್ಕಕ್ಕೂ ಹಾಕಿದರೆ ಒಳ್ಳೆಯದು, ಒಂದೇ ಜೊತೆ ಇದ್ದರೆ ಹಿಂದಿನ ಚಕ್ರಕ್ಕೆ. ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿ ಮಾಡಬೇಕು. ಮಡ್‌ಗಾರ್ಡ್‌ಗೆ ತಾಗುತ್ತಾ ನೋಡಿ.

ಇಳಿಯುವಾಗ ಫೋರ್ ವೀಲ್ ಹಾಕಿರಲಿ. ಎಷ್ಟೋ ಸಣ್ಣ ಗಾಡಿಗಳಲ್ಲಿ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರವೂ ತಡೆಯುತ್ತದೆ. ಲೋ ಗೇರ್. ಎಡ, ಬಲ ಎರಡೂ ಬ್ರೇಕ್ ಪೆಡಲ್ ಜೋಡಿಸಿ ಲಾಕ್ ಮಾಡಿ. ಒಂದೇ ಒತ್ತಿದರೆ ಗಾಡಿ ತಿರುಗಿಬಿಡುತ್ತದೆ. ಇಳಿಜಾರಿನಲ್ಲಿ ಕ್ಲಚ್ ಒತ್ತಲೇಬಾರದು. ಜಾರಿದರೆ ಬ್ಲೇಡ್ ನೆಲಕ್ಕೆ ಇಳಿಸಿ. ಹಿಮ ಬಿದ್ದ ದಿನವೇ ತಳ್ಳಿ, ಗಾಡಿ ಓಡಾಡಿ ಗಟ್ಟಿಯಾದ ಮೇಲೆ ಕಷ್ಟ. ಮೇಲಿಂದ ಕೆಳಕ್ಕೆ ತಳ್ಳಿ. ಬಿಸಿಲು ಬಂದು ಮೇಲೆ ನೀರಿನ ಪದರ ನಿಂತಾಗ ಮಂಜುಗಡ್ಡೆ ಇನ್ನೂ ಜಾರುತ್ತದೆ, ಆಗ ಮರಳು ಚೆಲ್ಲಿ.

ನಿಗಡಿ: ಡಿಫ್ ಲಾಕ್ ಯಾವಾಗ ಒತ್ತಬೇಕು ಸರ್?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಹಡಪ್ಸರ್: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. "ಟ್ರ್ಯಾಕ್ಟರ್ ಕೆಸರಲ್ಲಿ ಸಿಕ್ಕಿದರೆ ಹಿಂದಿನ ಎರಡೂ ಚಕ್ರಕ್ಕೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ, ಒಂದೇ ಸಲಕ್ಕೆ ಹೊರಗೆ ಬರುತ್ತದೆ. ಟಯರ್‌ಗೆ ಸುಟ್ಟ ಆಯಿಲ್ ಸವರಿದರೆ ಹಿಮವೂ ಅಂಟುವುದಿಲ್ಲ."

ಮೆಕ್ಯಾನಿಕ್: ದಯವಿಟ್ಟು ಅಳಿಸಿ. ದಿಮ್ಮಿ ಸಿಕ್ಕಿಕೊಂಡು ಚಕ್ರ ನಿಂತರೆ ಎಂಜಿನ್ ಬಲ ಎಲ್ಲಿಗೆ ಹೋಗಬೇಕು? ಚಕ್ರ ತಿರುಗದಿದ್ದರೆ ಗಾಡಿಯೇ ಆಕ್ಸಲ್ ಸುತ್ತ ತಿರುಗುತ್ತದೆ. ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಒಂದೆರಡು ಸೆಕೆಂಡ್‌ನಲ್ಲೇ ಮುಗಿಯುತ್ತದೆ, ಕ್ಲಚ್ ಒತ್ತಲು ಟೈಮ್ ಸಿಗಲ್ಲ. ಆಯಿಲ್ ಸವರಿದರೆ ರಬ್ಬರ್ ಹಾಳು, ಇದ್ದ ಹಿಡಿತವೂ ಹೋಗುತ್ತದೆ.

ಹಡಪ್ಸರ್: ನಮ್ಮೂರಲ್ಲಿ ದಿಮ್ಮಿ ಕಟ್ಟಿ ಎಷ್ಟೋ ಸಲ ತೆಗೆದಿದ್ದಾರೆ ಅಣ್ಣಾ.

ಮೆಕ್ಯಾನಿಕ್: ಬದುಕಿದವರಷ್ಟೇ ಬಂದು ಹೇಳುತ್ತಾರೆ. ಚಕ್ರದ ಮುಂದಿನ ಮಣ್ಣು ಅಗೆಯಿರಿ, ಇನ್ನೊಂದು ಗಾಡಿ ಕರೆಸಿ. ಎಳೆಯುವ ಹಗ್ಗ ಡ್ರಾ ಬಾರ್‌ಗೇ (ಗಾಡಿ ಹಿಂದೆ ಕೆಳಗಿರುವ ಎಳೆಯುವ ಕಂಬಿ) ಕಟ್ಟಿ, ಆಕ್ಸಲ್‌ಗಿಂತ ಮೇಲೆ ಎಲ್ಲೂ ಕಟ್ಟಬೇಡಿ.

ಬಾಣೇರ್: ಇಷ್ಟೆಲ್ಲ ಯಾಕೆ? ಟಯರ್ ಗಾಳಿ ಅರ್ಧ ಬಿಡಿ, ಸಾಕು.

ದೌಂಡ್: ಅರ್ಧ ಬಿಟ್ಟರೆ ರಿಮ್ ಒಳಗೆ ಟಯರ್ ಜಾರಿ ವಾಲ್ವ್ ಕಿತ್ತು ಬರುತ್ತದೆ. ಭಾನುವಾರ ಫಾರ್ಮ್‌ಹೌಸ್‌ಗೆ ಹೋಗಿ ಬರುವವರಿಗೆ ಗೊತ್ತಾಗಲ್ಲ ಬಿಡಿ.

ಬಾಣೇರ್: ನಾನೂ ರೈತನ ಮಗನೇ. ಮಾತು ಸರಿಯಾಗಿ ಆಡಿ.

ದೌಂಡ್: ರೈತನ ಮಗ ಆದರೆ ಕಂಪನಿ ಪುಸ್ತಕದಲ್ಲಿ ಗಾಳಿ ಎಷ್ಟು ಅಂತ ಬರೆದಿದೆ, ಓದಿ.

ಬಾಣೇರ್: ನಿಮ್ಮ ಟೂ ವೀಲ್ ಡ್ರೈವ್ ಗಾಡಿಗೆ ಆ ಪುಸ್ತಕ ಇಟ್ಟುಕೊಳ್ಳಿ.



ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮೆಕ್ಯಾನಿಕ್: ಗಾಳಿ ಕಂಪನಿ ಹೇಳಿದ ಕಡಿಮೆ ಮಿತಿವರೆಗೆ ಇಳಿಸಬಹುದು. ಸಡಿಲ ಮಣ್ಣು, ಹೊಸ ಹಿಮದಲ್ಲಿ ಟಯರ್ ಅಗಲವಾಗಿ ಕೂತು ಹಿಡಿಯುತ್ತದೆ. ಅದಕ್ಕಿಂತ ಕೆಳಗೆ ಬೇಡ. ಇಳಿಜಾರಿನಲ್ಲಿ ಮೆತ್ತಗಿನ ಟಯರ್ ಪಕ್ಕಕ್ಕೆ ವಾಲುತ್ತದೆ. ಫಾರ್ಮ್‌ಹೌಸ್, ಹೊಲ ಅಂತ ಜಗಳ ಇಲ್ಲಿ ಬೇಡ.

ಮುಳಶಿ: ನಮ್ಮ ಗರಸು ಏರಿನಲ್ಲೂ ಚೈನ್ ಹಾಕಬಹುದಾ? ಇನ್ನೊಂದು, ಹಿಮಕ್ಕೆ ಅಡುಗೆ ಉಪ್ಪು ಚೆಲ್ಲಿದರೆ ಆಗಲ್ವಾ?

ಮೆಕ್ಯಾನಿಕ್: ಗರಸಿಗೆ ಚೈನ್ ಬೇಡ, ಟಯರೂ ದಾರಿಯೂ ಹಾಳು. ತೋಟದಲ್ಲಿ ಉಪ್ಪು ಬೇಡ, ಬೇರಿಗೆ ಕೆಟ್ಟದ್ದು. ಚಳಿ ಜಾಸ್ತಿ ಆದರೆ ಅದು ಕೆಲಸವೂ ಮಾಡಲ್ಲ.

ನಿಗಡಿ: ಸರ್, ಡಿಫ್ ಲಾಕ್ ಇಟ್ಟುಕೊಂಡೇ ರೋಡಿನಲ್ಲಿ ಹೋಗಬಹುದಾ?

ಮೆಕ್ಯಾನಿಕ್: ಬೇಡ. ಮೇಲೆ ಓದಿ.

ವಾಕಡ್: ಸರ್, ತಮ್ಮ ನೀರು ತೆಗೆಯಲು ನೋಡಿದ. ವಾಲ್ವ್ ಬಿಚ್ಚಿದರೂ ಏನೂ ಬರುತ್ತಿಲ್ಲ. ಒಳಗೆ ಗಟ್ಟಿ ಆಗಿರಬೇಕು.

ಹಡಪ್ಸರ್: ಟಯರ್ ಕೆಳಗೆ ಸ್ವಲ್ಪ ಬೆಂಕಿ ಹಾಕಿದರೆ ಕರಗುತ್ತದೆ.

ಮೆಕ್ಯಾನಿಕ್: ಹಡಪ್ಸರ್‌ನವರೇ, ಇನ್ನು ನೀವು ಬರೆಯಬೇಡಿ. ಟಯರ್ ಸಿಡಿದರೆ ಪಕ್ಕದಲ್ಲಿ ನಿಂತವನು ಉಳಿಯಲ್ಲ. ಅಡ್ಮಿನ್, ಅದನ್ನು ಅಳಿಸಿ.

ವಾಕಡ್, ಬೆಂಕಿ ಬೇಡ, ಬ್ಲೋ ಲ್ಯಾಂಪೂ ಬೇಡ. ಬಿಸಿಲು ಚೆನ್ನಾಗಿ ಬಿದ್ದು ಅದಾಗೇ ಕರಗಲಿ. ಸಮ ಜಾಗದಲ್ಲಿ ಜ್ಯಾಕ್ ಹಾಕಿ, ಕೆಳಗೆ ಗಟ್ಟಿ ಹಲಗೆ ಇಟ್ಟು ಚಕ್ರ ಎತ್ತಿ. ಇನ್ನೊಂದು ಚಕ್ರಕ್ಕೆ ಕಲ್ಲು ಕೊಡಿ. ವಾಲ್ವ್ ಕೆಳಗೆ ಬರುವ ಹಾಗೆ ತಿರುಗಿಸಿ ಪಿನ್ ತೆಗೆಯಲಿ. ನೀರು ಪೂರ್ತಿ ಹೋದ ಮೇಲೆ ಗಾಳಿ ತುಂಬಿಸಿ. ಆ ತನಕ ಗಾಡಿ ಒಂದು ಅಡಿಯೂ ಕದಲಬಾರದು, ಬೀಗದ ಕೈ ತಮ್ಮನ ಹತ್ತಿರವೇ ಇರಲಿ. ಟಯರ್ ಪಕ್ಕದಲ್ಲಿರುವ ನಂಬರ್ ಫೋಟೋ ಕಳಿಸಿ, ಯಾವ ಅಳತೆಯ ಚೈನ್ ತರಿಸಬೇಕು ಅಂತ ಹೇಳುತ್ತೇನೆ.