ಕಾಲೇಜು ಹುಡುಗಿಯರ ಕಬಡ್ಡಿ ಜರ್ಸಿ ಮೇಲೆ ಲೀಡರ್ ಫೋಟೋ ಹಾಕಿಸಬೇಕಾ?

ಪ್ರಶ್ನೆ: ಹಳೇ ವಿದ್ಯಾರ್ಥಿ, ಕಲಬುರಗಿ

ನಮಸ್ಕಾರ ಎಲ್ಲರಿಗೂ. ನಾನು ಕಲಬುರಗಿಯವನು, ಸೂಪರ್ ಮಾರ್ಕೆಟ್ ಕಡೆ ಅಂಗಡಿ ಇದೆ. ನಾನು ಓದಿದ ಡಿಗ್ರಿ ಕಾಲೇಜಿನ ಕಬಡ್ಡಿ ಪಂದ್ಯ ಇದೆ ಅಂದರೆ ಗಲ್ಲಾ ಹುಡುಗನ ಕೈಗೆ ಕೊಟ್ಟು ಹೊರಟುಬಿಡುತ್ತೇನೆ. ನನ್ನಂಥವರು ಇನ್ನೂ ಹತ್ತಿಪ್ಪತ್ತು ಜನ ಇದ್ದಾರೆ. ಒಬ್ಬರು ಜೆಸ್ಕಾಂನಲ್ಲಿ, ಒಬ್ಬರು ವಕೀಲರು, ಇಬ್ಬರು ದಾಲ್ ಮಿಲ್ ಇಟ್ಟವರು. ಬೇರೆ ಯಾವ ವಿಷಯಕ್ಕೂ ನಾವು ಒಂದಾಗಲ್ಲ, ತಂಡ ಕಣಕ್ಕೆ ಇಳಿದರೆ ಮಾತ್ರ ಎಲ್ಲರದೂ ಒಂದೇ ದನಿ.

ಈ ಸಲ ಹುಡುಗಿಯರ ತಂಡ ಬಹಳ ಚೆನ್ನಾಗಿದೆ. ಎಡ ಕಾರ್ನರ್‌ನಲ್ಲಿ ಆಡುವ ಹುಡುಗಿಯನ್ನು ನೀವು ನೋಡಬೇಕು. ದಾಳಿಗೆ ಬಂದ ಎದುರಾಳಿ, ಅಂದರೆ ರೇಡರ್, ಹೆಚ್ಚಿನ ಪಾಯಿಂಟ್ ಆಸೆಗೆ ಬೋನಸ್ ಗೆರೆ ಕಡೆ ಕಾಲು ಚಾಚುವ ತನಕ ಅಲ್ಲಾಡದೆ ಕೂತಿರುತ್ತಾಳೆ, ಚಾಚಿದ ಕೂಡಲೇ ಎರಡೂ ಕೈಯಿಂದ ಪಾದ ಹಿಡಿದು ಮೈಯೆಲ್ಲ ಹಿಂದಕ್ಕೆ ಎಳೆಯುತ್ತಾಳೆ. ಆಮೇಲೆ ಉಳಿದವರು ಬಂದು ಬೀಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ತಂಡಕ್ಕೆ ಹೊಸ ಜರ್ಸಿ ಬೇಕು. ಜಿಲ್ಲಾ ಪಂಚಾಯಿತಿ ಟಿಕೆಟ್ ಮೇಲೆ ಕಣ್ಣಿಟ್ಟ ಒಬ್ಬ ಲೀಡರ್ ಬಂದು, ಎರಡು ಸೆಟ್ ಜರ್ಸಿ, ಟ್ರ್ಯಾಕ್ ಸೂಟ್ ಎಲ್ಲ ನಾನೇ ಕೊಡಿಸುತ್ತೇನೆ, ಆದರೆ ಬೆನ್ನ ಮೇಲೆ ನನ್ನ ಫೋಟೋ ಇರಬೇಕು, ತೋಳಿಗೆ ನಮ್ಮ ಪಕ್ಷದ ಬಣ್ಣದ ಪಟ್ಟಿ ಬರಬೇಕು ಅಂದಿದ್ದಾರೆ. ಜಿಲ್ಲಾ ಪಂಚಾಯಿತಿ ಅವಧಿ 2021ರಲ್ಲೇ ಮುಗಿದಿದೆ, ಆಗಿನಿಂದ ಇಂಥ ಆಕಾಂಕ್ಷಿಗಳು ಊರ ತುಂಬ ಓಡಾಡುತ್ತಿದ್ದಾರೆ. ನಮ್ಮ ಗುಂಪಿನಲ್ಲಿ ಅರ್ಧ ಜನ ತಗೊಳ್ಳೋಣ ಅಂತಾರೆ, ಇನ್ನರ್ಧ ಜನ ತಗೊಂಡರೆ ನಾವು ಪಂದ್ಯಕ್ಕೇ ಬರಲ್ಲ ಅಂತಾರೆ.

ಇದು ಮನೆಗೂ ಬಂದಿದೆ. ನನ್ನ ಹೆಂಡತಿಯ ತಮ್ಮ ಆ ಲೀಡರ್ ಜೊತೆಗೇ ಇರುವವನು, ನಮ್ಮಣ್ಣ ಎದುರು ಪಕ್ಷ. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಭಜ್ಜಿ, ಕಡಬು, ಅಂಬಲಿ ಬಡಿಸಿಕೊಂಡು ಕೂತ ಹೊತ್ತಿಗೆ ಜರ್ಸಿ ಮಾತು ಬಂತು. ಅಣ್ಣ ಊಟ ಅರ್ಧಕ್ಕೇ ಬಿಟ್ಟು ಎದ್ದ. ಅವ್ವ ಅತ್ತಳು. ಹೆಂಡತಿ, ನನ್ನ ತಮ್ಮ ತಂದಿದ್ದು ಅಂತ ಬೇಡ ಅಂತೀರಾ ಅಂತ ಕೇಳಿದಳು. ಅವಳ ಮಾತಲ್ಲೂ ನ್ಯಾಯ ಇದೆ, ಯಾಕಂದ್ರೆ ಬೇರೆ ಯಾರೂ ಒಂದು ರೂಪಾಯಿ ಕೊಡೋಕೆ ಮುಂದೆ ಬಂದಿಲ್ಲ.

ನಿಮ್ಮ ಕಡೆ ಇಂಥದ್ದು ಬಂದಾಗ ಏನು ಮಾಡಿದಿರಿ? ನನಗೆ ತಂಡನೂ ಉಳಿಯಬೇಕು, ಮನೆನೂ ಉಳಿಯಬೇಕು.

ಉತ್ತರ: ಬೀದರ್ ವಾಲಿಬಾಲ್

ಅಣ್ಣಾ, ಬಂದ ದುಡ್ಡು ಬಿಡಬೇಡಿ. ನಾನು ನೇರವಾಗಿ ಹೇಳುತ್ತೇನೆ. ಕಾಲೇಜಿನ ಸ್ಪೋರ್ಟ್ಸ್ ಫೀ ಅಂತ ಸೇರುವ ಹಣದಲ್ಲಿ ಚೆಂಡು, ನೆಟ್ ಬಂದರೆ ಅದೇ ದೊಡ್ಡದು. ನಮ್ಮ ನೆಹರೂ ಸ್ಟೇಡಿಯಂನಲ್ಲಿ ಪಂದ್ಯ ಇದ್ದಾಗ ಹುಡುಗರಿಗೆ ಮಧ್ಯಾಹ್ನದ ಊಟ ಹಾಕಿಸಿದ್ದೂ ಯಾರೋ ಒಬ್ಬ ಲೀಡರ್, ನೀರಿನ ಕ್ಯಾನ್ ಕಳಿಸಿದ್ದು ಇನ್ನೊಬ್ಬ ಲೀಡರ್. ಊಟ ಮಾಡಿದ ಹುಡುಗರು ಅವರಿಗೇ ವೋಟು ಹಾಕಿದರಾ? ಇಲ್ಲ. ಹಾಕಬೇಕು ಅನಿಸಿದವರಿಗೆ ಹಾಕಿದರು. ಜರ್ಸಿ ಮೇಲೆ ಬೇಡ, ಮೈದಾನದ ಬದಿಗೆ ಬ್ಯಾನರ್ ಕಟ್ಟಿಸಿ ಅಂತ ಹೇಳಿ ನೋಡಿ, ಒಪ್ಪಿದರೆ ಒಪ್ಪಲಿ.

ನನಗೆ ಇದಕ್ಕಿಂತ ಬೇರೆ ಒಂದು ಬೇಜಾರು ಇದೆ. ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ ಅಂದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಎಲ್ಲ ಒಂದೇ ಕಣದಲ್ಲಿ ಇಳಿಯುತ್ತಿದ್ದವು. ಬಳ್ಳಾರಿ ಕಡೆಯವರು 2010ರಲ್ಲಿ ಬೇರೆ ಆದರು. ಆಮೇಲೆ ರಾಯಚೂರು ವಿಶ್ವವಿದ್ಯಾಲಯ ಬಂದು ಯಾದಗಿರಿಯನ್ನೂ ತಗೊಂಡು ಹೋಯ್ತು. 2023ರಲ್ಲಿ ನಮಗೂ ಬೀದರ್ ವಿಶ್ವವಿದ್ಯಾಲಯ ಆಯ್ತು. ಓದುವ ಮಕ್ಕಳಿಗೆ ಹತ್ತಿರ ಆಯ್ತು, ಅದು ಒಳ್ಳೆಯದೇ. ಆದರೆ ಕಲಬುರಗಿ ತಂಡವನ್ನು ಅವರ ಊರಲ್ಲೇ ಸೋಲಿಸಿ ಬರುವ ಖುಷಿ ಹೋಯ್ತಲ್ಲ! 2017ರಲ್ಲಿ ಬೀದರ್-ಕಲಬುರಗಿ ರೈಲು ಶುರುವಾದಾಗ, ಇನ್ನು ಮುಂದೆ ಡೆಮು ರೈಲು ಹತ್ತಿ ಎಲ್ಲ ಪಂದ್ಯಕ್ಕೂ ಹೋಗಬಹುದು ಅಂತ ನಾವು ಗೆಳೆಯರೆಲ್ಲ ಮಾತಾಡಿಕೊಂಡಿದ್ದೆವು. ಈಗ ರೈಲು ಇದೆ, ಆ ಪಂದ್ಯ ಇಲ್ಲ. ನಾಲ್ಕೂ ಜಿಲ್ಲೆಯ ಕಾಲೇಜುಗಳು ಸೇರಿ ವರ್ಷಕ್ಕೊಂದು ಟೂರ್ನಿ ಮಾಡಿದರೆ ನಾನು ನನ್ನ ಕೈಯಿಂದ ಕೊಡುತ್ತೇನೆ.

ಉತ್ತರ: ಆಟಗಾರ್ತಿಯ ತಾಯಿ, ಶಹಾಪುರ ತಾಲೂಕು

ಅಣ್ಣಾವರೇ, ನಾನು ಇಂಥ ಕಡೆ ಬರೆಯುವವಳಲ್ಲ. ನನ್ನ ಮಗಳೂ ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ, ಬೇರೆ ಕಾಲೇಜು, ಅವಳೂ ಕಬಡ್ಡಿ ಆಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಅವರ ತಂಡ ಗೆದ್ದಾಗ ಒಬ್ಬರು ಲೀಡರ್ ಬಂದು ಶಾಲು ಹಾಕಿ ಹುಡುಗಿಯರ ಜೊತೆ ಫೋಟೋ ತೆಗೆಸಿಕೊಂಡರು. ಮಕ್ಕಳಿಗೇನು ಗೊತ್ತು, ನಿಂತರು. ಮರುದಿನ ಆ ಫೋಟೋ ಪಕ್ಷದ ಹೆಸರು ಹಾಕಿ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಂತು. ನಮ್ಮೂರಲ್ಲಿ ಎದುರು ಪಕ್ಷದವರು ಜಾಸ್ತಿ. ಕಿರಾಣಿ ಅಂಗಡಿ ಮುಂದೆ ನಮ್ಮನೆಯವರನ್ನು ನಿಲ್ಲಿಸಿ, ಮಗಳನ್ನು ಓದೋಕೆ ಕಳಿಸಿದ್ದೀಯೋ ಪ್ರಚಾರಕ್ಕೆ ಕಳಿಸಿದ್ದೀಯೋ ಅಂದರು. ಅವರು ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಆಟ ಸಾಕು, ಬಿಡಿಸು ಅಂದರು. ಮಗಳು ಫೋನಲ್ಲಿ ಅತ್ತಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ನಮ್ಮತ್ತೆಯೇ ಮುಂದೆ ನಿಂತು, ಆಕೆ ಆಡಲಿ, ನಾನು ಹೇಳ್ತೇನೆ ಊರವರಿಗೆ ಅಂದಿದ್ದಕ್ಕೆ ಉಳೀತು.

ಒಂದು ಸಲ ನಿಂತು ತೆಗೆಸಿಕೊಂಡ ಫೋಟೋಕ್ಕೇ ಇಷ್ಟು ಆಯ್ತು. ಇನ್ನು ಜರ್ಸಿ ಅಂದರೆ ಅದನ್ನು ಹುಡುಗಿ ಇಡೀ ವರ್ಷ ಮೈಮೇಲೆ ಹಾಕಿಕೊಳ್ಳಬೇಕು. ಊರಿಗೆ ಬಂದಾಗ ಒಗೆದು ಹಗ್ಗದ ಮೇಲೆ ಹಾಕುತ್ತಾಳೆ, ಓಣಿಯವರೆಲ್ಲ ನೋಡುತ್ತಾರೆ. ನಿಮ್ಮ ತಂಡದ ಏಳು ಹುಡುಗಿಯರ ಮನೆಯಲ್ಲಿ ಯಾವ ಪಕ್ಷ ಅಂತ ಯಾರಾದರೂ ಕೇಳಿದ್ದೀರಾ? ಹುಡುಗಿಯರನ್ನೇ ಕೇಳಿದ್ದೀರಾ? ದಯವಿಟ್ಟು ಮೊದಲು ಅವರನ್ನು ಕೇಳಿ.

ರಾಜಕೀಯ ಎಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನು ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಿ ಮಗಳ ಪಂದ್ಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬರೋದು ಆಗುತ್ತಿರಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರೆ ಇಡೀ ತಂಡ ತಿನ್ನುತ್ತದೆ. ಆ ಬಸ್ಸಿಗೆ ಯಾರ ಫೋಟೋನೂ ನನ್ನ ಸೀರೆ ಮೇಲೆ ಅಂಟಿಸಲಿಲ್ಲ.

ಉತ್ತರ: ನಿವೃತ್ತ ಪಿ.ಟಿ. ಮೇಷ್ಟ್ರು

ತಂಗೀ, ಸರಿಯಾಗಿ ಹೇಳಿದೆ ನೋಡು. ಮೊದಲು ಕೇಳಬೇಕಾದ್ದು ಹುಡುಗಿಯರನ್ನೇ.

ತಮ್ಮಾ, ನಾನು ಸೇವೆಯ ಪೂರ್ತಿ ಕಾಲೇಜು ತಂಡಗಳನ್ನು ಕಟ್ಟಿದವನು, ಅದರ ಮೇಲೆ ಹೇಳುತ್ತೇನೆ. ಕಬಡ್ಡಿಯಲ್ಲಿ ಚೆಸ್ಟ್ ನಂಬರ್ ಎದೆ ಮೇಲೂ ಇರಬೇಕು, ಬೆನ್ನ ಮೇಲೂ ದೊಡ್ಡದಾಗಿ ಕಾಣಬೇಕು. ಅಂಪೈರ್ ಔಟ್ ಕೊಡೋದು, ಸ್ಕೋರರ್ ಬರೆದುಕೊಳ್ಳೋದು ಎಲ್ಲ ನಂಬರ್ ಮೇಲೇ. ಬೆನ್ನ ತುಂಬ ಮುಖ ಬಂದರೆ ನಂಬರ್ ಎಲ್ಲಿ ಹಾಕಿಸುತ್ತೀರಿ? ಇದನ್ನೇ ಆ ಲೀಡರ್‌ಗೆ ಹೇಳಿ. ನಿಮ್ಮ ಬಾಮೈದನಿಗೂ ಇದೇ ಹೇಳಿ, ಆಗ ಇಲ್ಲ ಅಂದಿದ್ದು ನೀವಲ್ಲ, ಆಟದ ನಿಯಮ ಅಂತಾಗುತ್ತದೆ. ಮನೆಯಲ್ಲಿ ಹೆಣ್ಣುಮಗಳ ಮಾನವೂ ಉಳಿಯುತ್ತದೆ.

ಎರಡನೇ ಮಾತು. ನಿಮ್ಮ ಹುಡುಗಿಯರಿಗೆ ಜರ್ಸಿಗಿಂತ ಮೊದಲು ಬೇಕಾದ್ದು ಶೂ. ನಮ್ಮ ಕಾಲೇಜುಗಳಲ್ಲಿ ಅಭ್ಯಾಸ ನಡೆಯೋದು ಮಣ್ಣಿನಲ್ಲಿ, ಬರಿಗಾಲಲ್ಲಿ. ದೊಡ್ಡ ಟೂರ್ನಿಗೆ ಹೋದರೆ ಅಲ್ಲಿ ಮ್ಯಾಟ್, ಶೂ ಹಾಕಿಯೇ ಇಳಿಯಬೇಕು. ಹುಡುಗಿಯರು ಪಂದ್ಯದ ದಿನ ಮೊದಲನೇ ಸಲ ಶೂ ಕಟ್ಟುತ್ತಾರೆ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಮೈ ಅದಕ್ಕೇ ಒಗ್ಗಿರುತ್ತದೆ. ಮ್ಯಾಟ್ ಮೇಲೆ ಶೂ ಕಚ್ಚಿಕೊಂಡು ನಿಲ್ಲುತ್ತದೆ, ಮೈ ತಿರುಗಿದರೂ ಪಾದ ತಿರುಗಲ್ಲ, ಮಂಡಿ ಉಳುಕುತ್ತದೆ. ನೀವು ಹೊಗಳಿದ ಎಡ ಕಾರ್ನರ್ ಹುಡುಗಿ ಇದ್ದಾಳಲ್ಲ, ಪಾದ ಹಿಡಿಯುವವರು ಮಂಡಿ ಊರಿಯೇ ಬೀಳಬೇಕು, ಆಕೆಗೆ ನೀ ಕ್ಯಾಪ್ ಇಲ್ಲದಿದ್ದರೆ ಎರಡು ಪಂದ್ಯಕ್ಕೆ ಚರ್ಮ ಕಿತ್ತುಬರುತ್ತದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಚೈನೀಸ್ ತೈಪೆ ಮೇಲೆ ಗೆದ್ದಿದ್ದು 26-25ರಲ್ಲಿ. ಒಂದೇ ಒಂದು ಪಾಯಿಂಟ್! ಒಂದು ಸಲ ಕಾಲು ತಪ್ಪಿದ್ದರೆ ಚಿನ್ನ ಹೋಗುತ್ತಿತ್ತು.

ಮೂರನೆಯದು ಮುಖ್ಯ. ದುಡ್ಡು ಯಾರೇ ಕೊಡಲಿ, ಪ್ರಿನ್ಸಿಪಾಲರ ಹೆಸರಿಗೆ ಪತ್ರ ಬರೆದು ಕಾಲೇಜಿನ ಖಾತೆಗೆ ಕಟ್ಟಲಿ, ರಸೀದಿ ತಗೊಳ್ಳಲಿ. ಬಂದ ಸಾಮಾನು ಸ್ಟಾಕ್ ರಿಜಿಸ್ಟರ್‌ಗೆ ಏರಲಿ. ಕೈಯಿಂದ ಕೈಗೆ ಬಂದ ಉಪಕಾರ ತಿರುಗಿ ಬರುತ್ತದೆ. ನನ್ನ ಸೇವೆಯಲ್ಲಿ ಒಬ್ಬರು ಬೂಟು, ಬಟ್ಟೆ ಎಲ್ಲ ಕೊಡಿಸಿದರು. ಮುಂದಿನ ತಿಂಗಳು ಆಯ್ಕೆಯ ಹಿಂದಿನ ರಾತ್ರಿ ಫೋನ್ ಬಂತು, ನಮ್ಮ ಹುಡುಗ ಒಬ್ಬ ಇದ್ದಾನೆ, ಲಿಸ್ಟ್‌ನಲ್ಲಿ ಇರಲಿ ಅಂತ. ನಾನು ಸೇರಿಸಲಿಲ್ಲ, ಆಮೇಲೆ ಆದ ತೊಂದರೆ ಇಲ್ಲಿ ಬೇಡ.

ಲಿಸ್ಟ್ ಅಂದರೆ ಎಷ್ಟು ದೊಡ್ಡ ಮಾತು ಅಂತ ಪಾಲಕರಿಗೆ ಗೊತ್ತಿರಬೇಕು. ಕಾಲೇಜು ಮಟ್ಟದ ಕಪ್ ಮನೆಯಲ್ಲಿ ಇಟ್ಟುಕೊಳ್ಳೋಕೆ. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿದರೆ, ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೌಕರಿಗೆ ಅರ್ಜಿ ಹಾಕುವಾಗ ಅದಕ್ಕೆ ಬೆಲೆ ಇದೆ. ಅದಕ್ಕೆ ಫಾರ್ಮ್ 3 ಅಂತ ಇದೆ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರ ಸಹಿ ಬೇಕು. ನಮ್ಮ ಭಾಗದ ಬಡವರ ಮನೆ ಹುಡುಗಿಗೆ ಆ ಒಂದು ಹಾಳೆಯಿಂದ ನೌಕರಿ ಸಿಗಬಹುದು. ಅಂಥ ಲಿಸ್ಟ್‌ನಲ್ಲಿ ಯಾರ ಕೈಯೂ ಆಡಬಾರದು.

ಉತ್ತರ: ಇಂಜಿನಿಯರಿಂಗ್ ಹುಡುಗ, ಕಲಬುರಗಿ

ಸರ್ ಹೇಳಿದ್ದು ಒಪ್ಪುತ್ತೇನೆ. ಆದರೆ ಆಟದಲ್ಲಿ ರಾಜಕೀಯವೇ ಬೇಡ ಅಂತ ಯಾರಾದರೂ ಹೇಳಿದರೆ ಅದನ್ನು ಮಾತ್ರ ನಾನು ಒಪ್ಪಲ್ಲ. ನಾನು ಇವತ್ತು ಇಂಜಿನಿಯರಿಂಗ್ ಸೀಟಿನಲ್ಲಿ ಕೂತಿರೋದೇ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಇದ್ದದ್ದಕ್ಕೆ. ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದರು, ಖರ್ಗೆಯವರು, ಧರ್ಮಸಿಂಗ್ ಅವರು ದಿಲ್ಲಿಯಲ್ಲಿ ಓಡಾಡಿದರು, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು. ಇಲ್ಲಿನ ಕಾಲೇಜುಗಳಲ್ಲಿ ನಮಗೆ 70% ಸೀಟು, ರಾಜ್ಯದ ಉಳಿದ ಕಡೆ 8%. ನಮ್ಮಪ್ಪ ಓದುವಾಗ ಇದು ಇರಲಿಲ್ಲ, ಬೆಂಗಳೂರಲ್ಲಿ ಸೀಟು ಸಿಗದೆ ಊರಿಗೆ ಬಂದು ತೊಗರಿ ಹೊಲ ನೋಡಿಕೊಂಡರು.

ಆಟಕ್ಕೂ ಹಾಗೇ ಕೇಳಬೇಕು. ನಾನು ಕ್ರಿಕೆಟ್ ಕಡೆಯವನು. 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದಿದ್ದು ಗುಲಬರ್ಗಾ ಮಿಸ್ಟಿಕ್ಸ್, ಮನೀಶ್ ಪಾಂಡೆ ಕ್ಯಾಪ್ಟನ್. ಹಾಸ್ಟೆಲ್‌ನಲ್ಲಿ ನಾವು ಕುಣಿದಿದ್ದೇ ಕುಣಿದಿದ್ದು. ಆದರೆ ಪಂದ್ಯ ಎಲ್ಲ ಮೈಸೂರು, ಬೆಂಗಳೂರಿನಲ್ಲೇ. ಹೆಸರು ನಮ್ಮದು, ನೋಡೋ ಭಾಗ್ಯ ಬೇರೆಯವರದು! ಇದನ್ನು ಕೇಳೋಕೆ ಯಾವ ಲೀಡರ್ ಬಂದರು? ಫೋಟೋ ಹಾಕಿಸಿಕೊಳ್ಳೋಕೆ ಬರುವವರಿಗೆ ಕಬಡ್ಡಿ ಮ್ಯಾಟ್ ಕೇಳಿ. ಜರ್ಸಿ ಒಂದು ವರ್ಷಕ್ಕೆ ಹರಿದುಹೋಗುತ್ತದೆ, ಮ್ಯಾಟ್ ಹಾಕಿದರೆ ಮುಂದಿನ ಬ್ಯಾಚ್‌ಗಳೂ ಆಡುತ್ತವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಎಲ್ಲ ಪಕ್ಷದವರ ಸಹಿ ಹಾಕಿಸಿ ಮನವಿ ಕೊಡೋಣ. ಬರೆಯೋದು, ಟೈಪ್ ಮಾಡಿಸೋದು ನಾನು ನೋಡಿಕೊಳ್ಳುತ್ತೇನೆ. ಹುಡುಗಿಯರ ಕಬಡ್ಡಿ ಕೋರ್ಟ್ 12 ಮೀಟರ್‌ಗೆ 8 ಮೀಟರ್, ಸುತ್ತ ಬಿಡುವ ಜಾಗನೂ ಸೇರಿಸಿ ಎಷ್ಟು ಮ್ಯಾಟ್ ಬೇಕು ಅಂತ ಸರ್ ಲೆಕ್ಕ ಹಾಕಿ ಕೊಟ್ಟರೆ ಸಾಕು.

ಉತ್ತರ: ಹಳೇ ವಿದ್ಯಾರ್ಥಿ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಶಹಾಪುರದ ಅಕ್ಕಾವರ ಮಾತು ಓದಿದ ಮೇಲೆ ಪಿ.ಟಿ. ಮೇಡಂಗೆ ಫೋನ್ ಮಾಡಿ ಹುಡುಗಿಯರನ್ನೇ ಕೇಳಿಸಿದೆ. ಒಬ್ಬಳೂ ಫೋಟೋ ಬೇಕು ಅನ್ನಲಿಲ್ಲ. ಎಡ ಕಾರ್ನರ್ ಹುಡುಗಿ, ಹಳೇ ಜರ್ಸಿನೇ ಸಾಕು, ಶೂ ಆದರೆ ಕೊಡಿಸಿ ಅಂದಳಂತೆ. ಅಲ್ಲಿಗೆ ಜರ್ಸಿ ಮಾತು ಮುಗೀತು.

ಬಾಮೈದನನ್ನು ಮನೆಗೆ ಕರೆದು ನಂಬರ್ ವಿಷಯ, ರಸೀದಿ ವಿಷಯ ಎರಡೂ ಹೇಳಿದೆ. ಮೊದಲು ಮುಖ ಗಂಟು ಹಾಕಿದ. ಅವನ ಅಕ್ಕನೇ ಗದರಿದಳು, ಆ ಹುಡುಗಿಯರ ಅಪ್ಪ-ಅವ್ವನ ಜಾಗದಲ್ಲಿ ನೀನಿದ್ದರೆ ಒಪ್ಪುತ್ತಿದ್ದೆಯಾ ಅಂತ. ಲೀಡರ್ ಹತ್ತಿರ ತಾನೇ ಮಾತಾಡುತ್ತೇನೆ, ಕಾಲೇಜಿಗೆ ಕಟ್ಟಿ ರಸೀದಿ ತಗೊಂಡರೆ ಪೇಪರಿನಲ್ಲಿ ಕೊಡುಗೆ ಅಂತ ಬರುತ್ತದೆ ಅಂತ ಹೇಳುತ್ತೇನೆ ಅಂದಿದ್ದಾನೆ. ಅಣ್ಣ ಇನ್ನೂ ಮಾತಾಡಿಲ್ಲ. ಸಂಕ್ರಾಂತಿಗೆ ಬರುತ್ತಾನೆ, ಆಗ ಮ್ಯಾಟ್ ಮನವಿಗೆ ಮೊದಲ ಸಹಿ ಅವನ ಹತ್ತಿರವೇ ಹಾಕಿಸಬೇಕು ಅಂತ ಇದ್ದೇನೆ.

ಶೂಗೆ ನಾವು ಹಳೇ ವಿದ್ಯಾರ್ಥಿಗಳೇ ಪಟ್ಟಿ ಹಾಕಿ ದುಡ್ಡು ಎತ್ತುತ್ತಿದ್ದೇವೆ. ದಾಲ್ ಮಿಲ್‌ನವರು ಇಬ್ಬರೂ ಒಪ್ಪಿದ್ದಾರೆ. ಇಲ್ಲಿ ಕಬಡ್ಡಿ ಶೂ ಸೈಜ್ ಸರಿಯಾಗಿ ಸಿಗುತ್ತಿಲ್ಲ, ಯಾರಾದರೂ ಹೈದರಾಬಾದ್ ಕಡೆ ಹೋಗುವವರಿದ್ದರೆ ರೇಟ್ ವಿಚಾರಿಸಿ ಹೇಳಿ.

ಉತ್ತರ: ಬೀದರ್ ವಾಲಿಬಾಲ್

ಬ್ಯಾನರ್ ಕಟ್ಟಿಸಿ ದುಡ್ಡು ತಗೊಂಡಿದ್ದರೂ ತಪ್ಪೇನಿರಲಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಇರಲಿ. ಶನಿವಾರ ನಾನು ಹೈದರಾಬಾದ್‌ಗೆ ಹೋಗುತ್ತಿದ್ದೇನೆ, ಸೈಜ್ ಎಲ್ಲ ಬರೆದು ಕಳಿಸಿ. ಕಾಲಿನ ಅಳತೆ ಹಾಳೆ ಮೇಲೆ ಗೀಚಿ ಫೋಟೋ ತೆಗೆದು ಹಾಕಿದರೆ ಇನ್ನೂ ಒಳ್ಳೆಯದು. ನೀ ಕ್ಯಾಪ್ ಎಷ್ಟು ಜೋಡಿ ಬೇಕು ಅಂತಲೂ ಹೇಳಿ.