ಸಹಾಯ ಬೇಕು: ಹಿಮದ ಭಾರಕ್ಕೆ ಹಾಯಿದೋಣಿಯ ಟಾರ್ಪಾಲು ಜೋತು ಬೀಳ್ತಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಯಾರ್ಕ್ ರಾಜ್ಯದ ಆಸ್ವೀಗೋದಲ್ಲಿ, ಒಂಟಾರಿಯೋ ಸರೋವರದ ದಡದಲ್ಲಿ. ಇಲ್ಲಿನ ಹಿಮ ಗೊತ್ತಲ್ವಾ? ಕೊರೆಯುವ ಗಾಳಿ ಸರೋವರದ ಮೇಲೆ ಹಾದು, ತೇವ ಹೀರಿಕೊಂಡು, ದಡಕ್ಕೆ ಬಂದ ತಕ್ಷಣ ಸುರಿದುಬಿಡುತ್ತದೆ. ಒಂದೇ ರಾತ್ರಿಗೆ ಮೊಣಕಾಲುದ್ದ.

ನಮ್ಮ 25 ಅಡಿ ಹಾಯಿದೋಣಿ ಯಾರ್ಡಿನಲ್ಲಿ ಸ್ಟ್ಯಾಂಡುಗಳ ಮೇಲಿದೆ. ಹಾಯಿಕಂಬ ಇಳಿಸಿ, ಉದ್ದಕ್ಕೆ ಮಲಗಿಸಿ, ಅದರ ಮೇಲೆ ಟಾರ್ಪಾಲು ಹೊದಿಸಿದ್ದೇವೆ. ಮುಂದಿನ ಭಾಗದಲ್ಲಿ ಹಿಮ ತಾನೇ ಜಾರಿ ಬೀಳುತ್ತದೆ. ತೊಂದರೆ ಇರುವುದು ಹಿಂದೆ, ಕಾಕ್‌ಪಿಟ್ (ಕೂತು ದೋಣಿ ನಡೆಸುವ ತೆರೆದ ಜಾಗ) ಮೇಲೆ. ಅಲ್ಲಿ ಇಳಿಜಾರು ಕಡಿಮೆ. ಟಾರ್ಪಾಲು ಗುಂಡಿ ಬಿದ್ದು, ಹಗಲು ಕರಗಿದ ನೀರು ಅಲ್ಲೇ ನಿಂತು ರಾತ್ರಿ ಗಟ್ಟಿಯಾಗುತ್ತದೆ. ಅದರ ಮೇಲೆ ಮತ್ತೆ ಹಿಮ. ಹಗ್ಗ ಪೋಣಿಸುವ ಹಿತ್ತಾಳೆ ಉಂಗುರಗಳ ಸುತ್ತ ಬಟ್ಟೆ ಆಗಲೇ ಸೀಳುತ್ತಿದೆ.

ಒಳಗೆ ಪಿವಿಸಿ ಪೈಪಿನ ಕಮಾನು ಸಾಕಾ, ಮರದ ಚೌಕಟ್ಟೇ ಬೇಕಾ? ಕಮಾನುಗಳ ನಡುವೆ ಎಷ್ಟು ಅಂತರ ಬಿಡುತ್ತೀರಿ? ಹಗ್ಗವನ್ನು ಸ್ಟ್ಯಾಂಡಿಗೆ ಕಟ್ಟುವ ಸಲಹೆ ಮಾತ್ರ ಬೇಡ. ಗಾಳಿ ಎಳೆದರೆ ಸ್ಟ್ಯಾಂಡೇ ಸರಿದು ದೋಣಿ ಉರುಳಬಹುದು. ಸದ್ಯಕ್ಕೆ ಒಳಗಿನಿಂದ ಮೆತ್ತನೆ ಪೊರಕೆಯಲ್ಲಿ ಹಿಮ ತಳ್ಳುತ್ತಿದ್ದೇವೆ.

ಮಿಷಿಗನ್, ಟೊರಾಂಟೊ ಕಡೆ ದೋಣಿ ಇಟ್ಟುಕೊಂಡಿರುವವರು ನಿಮ್ಮ ಚೌಕಟ್ಟಿನ ಫೋಟೋ ಹಾಕಿದರೆ ತುಂಬಾ ಉಪಕಾರ. ವಾರದ ಕೊನೆಗೆ ಮತ್ತೆ ಜಾಸ್ತಿ ಹಿಮ ಅಂತಿದ್ದಾರೆ.